ಪ್ಲಾಸ್ಟರ್ ಬನ್ನಿನ ಎಡೆ

ನಗೋದಿದ್ರೆ ಈಗಲೇ ನಕ್ಕು ಮುಗಿಸಿ. ನಡುವೆ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದು ಹೋಗ್ತೀನಿ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ನಮ್ಮ ದೊಡ್ಡಮ್ಮ ಎರ್ಮೆಲಿಂದಾನ ಮಗಳು ಚೋನಾಗೆ ಆಗಿದ್ದು. ಇದೇ ನಮ್ಮ ಪುಯೆಬ್ಲಾ ಊರಲ್ಲಿ, ಹೋದ ವರ್ಷ, ಹಿರಿಯರ ಹಬ್ಬದ ರಾತ್ರಿ.

ಒಂಬತ್ತೂವರೆ ಆಗಿತ್ತು. ಚೋನಾ ಕೆಲಸ ಮುಗಿಸಿ, ಚೀಲ ಹೆಗಲಿಗೆ ಹಾಕ್ಕೊಂಡು, ಅಂಗಳದ ಬಾವಿ ದಾಟಿ ಬರ್ತಿದ್ದಳು. ಬಾವಿ ಅಂದ್ರೆ ಈಗ ಬಾವಿಯಲ್ಲ ಬಿಡಿ. ಮೇಲೆ ದಪ್ಪ ಗಾಜು, ಒಳಗೆ ನೀಲಿ ಬಲ್ಬು. ಬಂದ ಪ್ರವಾಸಿಗರೆಲ್ಲ ಅದರ ಮೇಲೆ ನಿಂತು ಫೋಟೋ ತೆಗೆಸ್ಕೋತಾರೆ. ಒಂದು ಕಾಲಕ್ಕೆ ಹನ್ನೊಂದು ಮನೆಯವರು ನೀರು ಸೇದಿದ ಬಾವಿ ಅದು. ಆ ವಠಾರದಲ್ಲೇ ಚೋನಾ ಹುಟ್ಟಿದ್ದು. ಈಗ ಅಲ್ಲೇ ಕಕ್ಕಸು ತೊಳೀತಿದ್ದಳು.

ಬಾವಿ ದಾಟಿದಳು... ಹಿಂದೆ ಸದ್ದು.

ಚಟ್... ಸರ್ರ್. ಚಟ್... ಸರ್ರ್.

ಒಂದು ಚಪ್ಪಲಿ ನೆಟ್ಟಗಿದೆ. ಇನ್ನೊಂದರ ಪಟ್ಟಿ ಕಿತ್ತು ನೆಲಕ್ಕೆ ಎಳೀತಿದೆ. ಹಾಗೆ. ಚೋನಾ ನಿಂತಳು. ಸದ್ದೂ ನಿಂತಿತು.

ಆ ನಡಿಗೆ ಅವಳಿಗೆ ಗೊತ್ತಿಲ್ಲದ್ದಲ್ಲ. ಮೂವತ್ತೆಂಟು ವರ್ಷ ಕೇಳಿದ ನಡಿಗೆ. ಹೊಸ ಚಪ್ಪಲಿ ತಂದುಕೊಟ್ಟರೆ ಪೆಟ್ಟಿಗೇಲಿಟ್ಟು, ಎಡಗಾಲಿಗೆ ಅದೇ ಹರಕು ಹಾಕ್ಕೊಂಡು ಓಡಾಡ್ತಿದ್ದದ್ದು ಅವಳಮ್ಮ ಎರ್ಮೆಲಿಂದಾ ಒಬ್ಬಳೇ. ಆ ಅಮ್ಮ ತೀರಿಹೋಗಿ ಎಂಟು ತಿಂಗಳಾಗಿತ್ತು.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು, ಕೇಳಿ. ಮೂರು ವರ್ಷದ ಕೆಳಗೆ ಆ ವಠಾರ ಮಾರಾಟವಾಯ್ತು. ರಾಜಧಾನಿಯಿಂದ ಬಂದ ರೆನಾತಾ ಅನ್ನೋ ಹೆಂಗಸು ಕೊಂಡುಕೊಂಡಳು. ಹನ್ನೊಂದು ಮನೆಯವರೂ ಗಂಟುಮೂಟೆ ಕಟ್ಟಿದರು. ಗೋಡೆಗೆ ಬಣ್ಣ ಬಂತು, ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕಳ್ಳಿ ಗಿಡದ ಕುಂಡ ಬಂತು, ಅತಿಥಿಗೃಹ ಅಂತ ಬೋರ್ಡು ಬಂತು. ದೇಶವಿದೇಶದಿಂದ ಬರೋರು ಬೆಳಿಗ್ಗೆ ಮ್ಯೂಸಿಯಂ, ಮಧ್ಯಾಹ್ನ ನಮ್ಮ ಅಡುಗೆ ಕಲಿಯೋ ಕ್ಲಾಸು, ಸಂಜೆ ಮುಖಕ್ಕೆ ತಲೆಬುರುಡೆ ಬಣ್ಣ ಬಳ್ಕೊಂಡು ಚೌಕದಲ್ಲಿ ಕುಣಿತ. ಬರಲಿ, ತಿನ್ನಲಿ, ಕುಣೀಲಿ, ನಮಗೇನು ಹೊಟ್ಟೆಕಿಚ್ಚಿಲ್ಲ. ಆದರೆ ಅವರು ಮಲಗೋ ಏಳನೇ ನಂಬರ್ ರೂಮಿದೆಯಲ್ಲ... ನಮ್ಮ ದೊಡ್ಡಮ್ಮ ಚೋನಾನ ಹೆತ್ತದ್ದು ಆ ರೂಮಲ್ಲಿ.

ಚೋನಾ ಅಮ್ಮನ ಜೊತೆ ಊರಾಚೆ ಅಮೋಸೋಕ್‌ನಲ್ಲಿ ನಾಲ್ಕನೇ ಮಹಡಿ ಮನೆ ಹಿಡಿದಳು. ದೊಡ್ಡಮ್ಮ ಅಲ್ಲಿ ಒಗ್ಗಲೇ ಇಲ್ಲ. ಉಂಡು ಕೈ ತೊಳೆದವಳೇ, "ಸರಿ, ಇನ್ನ ಮನೆಗೆ ಹೋಗೋಣ ನಡಿಯೇ" ಅಂತ ಚಪ್ಪಲಿ ಹಾಕ್ಕೋತಿದ್ದಳು. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಬಸ್ಸು ಹತ್ತಿ ಹಳೇ ವಠಾರಕ್ಕೇ ಬಂದುಬಿಟ್ಟಳು. ನೇರ ಒಳಗೆ ನುಗ್ಗಿ, ಕಳ್ಳಿ ಕುಂಡ ಪಕ್ಕಕ್ಕೆ ಸರಿಸಿ, ಒಗೆಯೋ ಕಲ್ಲಿನ ಮೇಲೆ ಕೂತಳು. ಊಟ ಮಾಡ್ತಿದ್ದ ಪ್ರವಾಸಿಗರೆಲ್ಲ ತಿರುಗಿ ನೋಡಿದರು.

"ಚೋನಿತಾ, ಯಾರದು? ನಿಮ್ಮೋರಾ?" ಅಂತ ರೆನಾತಾ ಕೇಳಿದಳು. ಚೋನಾನ ಅವಳು ಹಾಗೇ ಕರೆಯೋದು.

ಕಸಬರಿಗೆ ಹಿಡಿದು ನಿಂತಿದ್ದ ಚೋನಾ ಏನಂದಳು ಗೊತ್ತಾ?

"ಯಾರೋ ಗೊತ್ತಿಲ್ಲ ಮೇಡಂ."

ಕೆಲಸ ಹೋಗುತ್ತೆ ಅನ್ನೋ ಭಯ. ನಾಚಿಕೆಯೂ ಇತ್ತು ಅಂತ ಅವಳೇ ಆಮೇಲೆ ಹೇಳಿ ಅತ್ತಳು. ದೊಡ್ಡಮ್ಮ ಮಗಳ ಮುಖ ನೋಡಿದಳಂತೆ. ಕುಂಡ ಎಲ್ಲಿತ್ತೋ ಅಲ್ಲೇ ಇಟ್ಟು, ಚಟ್... ಸರ್ರ್... ಅಂತ ಬಾಗಿಲು ದಾಟಿ ಹೋದಳು. ಮೂರು ವಾರಕ್ಕೆ ಸತ್ತಳು. ಆ ಮೂರು ವಾರ ಮಗಳ ಹತ್ತಿರ ಒಂದು ಮಾತೂ ಆಡಲಿಲ್ಲ.

ಅದಕ್ಕೇ ಚೋನಾಗೆ ಈ ಹಬ್ಬ ಅಂದ್ರೆ ಜೀವ. ವರ್ಷಕ್ಕೊಂದೇ ರಾತ್ರಿ ಸತ್ತವರು ಬಂದು ಉಂಡು ಹೋಗೋದು. ಅಮ್ಮನಿಗಿದು ಮೊದಲನೇ ಎಡೆ. ಹೊಟ್ಟೆ ತುಂಬ ಬಡಿಸಿ, ತಪ್ಪಾಯ್ತು ಅಮ್ಮ ಅನ್ನಬೇಕು ಅಂತ ಕಾದಿದ್ದಳು. ಗೋರಿ ಹತ್ತಿರ ಹೋಗಿ ಹೊಸ ಮನೆ ವಿಳಾಸ, ಬ್ಲಾಕು, ಮಹಡಿ ಎಲ್ಲ ಬಿಡಿಸಿ ಹೇಳಿ ಬಂದಿದ್ದಳು. ನಮ್ಮಮ್ಮ ತೋಮಾಸಾ, ಅಂದ್ರೆ ಅವಳ ಚಿಕ್ಕಮ್ಮ, ಬೆಳಿಗ್ಗೇನೇ ಅಮೋಸೋಕ್‌ಗೆ ಹೋಗಿ ಎಳ್ಳು, ಕೋಕೋ, ಒಣಮೆಣಸಿನಕಾಯಿ ಅರೆದು ಕೋಳಿಸಾರು ಮಾಡಿ, ಎಡೆ ಇಟ್ಟು, ಬಾಗಿಲಿಂದ ಕೆಳಗಿನ ಮೆಟ್ಟಿಲವರೆಗೂ ಚೆಂಡುಹೂವಿನ ಎಸಳು ಹಾಕಿದ್ದಳು. ಆ ಹೂವಿನ ದಾರಿ ಹಿಡಿದೇ ಅಲ್ವೇ ಅವರು ಬರೋದು.

ಆದರೆ ರೆನಾತಾ ರಜ ಕೊಡಲಿಲ್ಲ. ಹಬ್ಬ ನೋಡೋಕೆ ಅಂತಲೇ ಎಲ್ಲ ರೂಮೂ ಭರ್ತಿ. ಅಂಗಳದಲ್ಲಿ ಅವಳದ್ದೂ ಒಂದು ಎಡೆ! ಬೆಳ್ಳಿ ಚೌಕಟ್ಟಿನಲ್ಲಿ ಹಳೇ ಸಂತೆಯಿಂದ ತಂದ ಯಾರ್ಯಾರದೋ ಫೋಟೋ. ಅದರ ಹಿಂದಿನ ವರ್ಷ ಸತ್ತವರಿಗಿಡೋ ಬನ್ನು ನಿಜವಾದದ್ದೇ ಇಟ್ಟು ಇರುವೆ ಬಂದಿತ್ತಂತೆ. ಆ ಸಲ ಬನ್ನೆಲ್ಲ ಪ್ಲಾಸ್ಟರಿನದು. ಮೇಲೆ ಮೂಳೆಯ ಆಕಾರ, ಅದರ ಮೇಲೆ ಸಕ್ಕರೆಯಂತೆ ಬಿಳೀ ಪುಡಿ, ಮೇಲಿಂದ ವಾರ್ನಿಷು. ಥೂ! ಹೂವು ಮಾತ್ರ ನಿಜವಾದದ್ದು, ಫೋಟೋಗೆ ಚೆನ್ನಾಗಿ ಬರುತ್ತೆ ಅಂತ. ಬೀದಿ ಬಾಗಿಲಿಂದ, ಬಾವಿ ಬಳಸಿ, ಎಡೆವರೆಗೂ ಹೂವಿನ ದಾರಿ. ಮೊಣಕಾಲೂರಿ ಅದನ್ನ ಹಾಕಿದ್ದು ಯಾರು? ಚೋನಾನೇ. ಕೈಯಾರೆ.

ಈಗ ಆ ರಾತ್ರಿಗೆ ಬನ್ನಿ.

ಬಾಗಿಲ ಹತ್ತಿರ ಕಾವಲಿನ ದೋನ್ ಎವೊದಿಯೊ ಕೂತಿದ್ದ. ಅವನೂ ಅದೇ ವಠಾರದ ಹಳೇ ಮುದುಕ, ಹಿರಿಯ ಅಂತ ದೋನ್ ಅನ್ನೋದು. ಚೋನಾನ ತೋಳು ಹಿಡಿದು ಪಿಸುಗುಟ್ಟಿದ.

"ಮಗಳೇ... ಕೇಳಿಸ್ತಾ?"

"ಏನು?"

"ನಾಟಕ ಆಡಬೇಡ. ನಿಂಗೆ ಕೇಳಿಸ್ತು."

"ಯಾರೋ ಅತಿಥಿಗಳು, ದೋನ್ ಎವೊದಿಯೊ."

"ಅತಿಥಿಗಳು ಹೂವು ತುಳಿದು ಬರ್ತಾರೆ. ಅಲ್ನೋಡು... ಒಂದು ಎಸಳೂ ಅಲುಗಿಲ್ಲ."

ಚೋನಾ ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಸಾಂಬ್ರಾಣಿ ವಾಸನೆ, ಅದರ ನಡುವೆ ಅಮ್ಮ ಬಟ್ಟೆ ಒಗೆಯೋವಾಗ ಬರ್ತಿದ್ದ ಸೋಪಿನ ಪುಡಿ ವಾಸನೆ. ಆಮೇಲೆ ಒಗೆಯೋ ಕಲ್ಲಿನ ಕಡೆಯಿಂದ ಗರ್ರ್... ಅಂತ ಕುಂಡ ಎಳೆದ ಸದ್ದು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಒಬ್ಬ ಪ್ರವಾಸಿ ಹೆಂಗಸು ಇಣುಕಿದಳು. ಮುಖದ ತುಂಬ ತಲೆಬುರುಡೆ ಬಣ್ಣ. ಹರುಕುಮುರುಕು ಭಾಷೆಯಲ್ಲಿ ಕೇಳಿದಳು, "ಆ ಅಜ್ಜಿ... ಎಷ್ಟು ಚೆಂದ! ಫೋಟೋ ತೆಗೀಬಹುದಾ?"

ರೆನಾತಾ ಅಡುಗೆಮನೆಯಿಂದ ಓಡಿ ಬಂದಳು. "ಯಾವ ಅಜ್ಜಿ? ಚೋನಿತಾ, ಯಾರನ್ನ ಒಳಗೆ ಬಿಟ್ಟೆ? ಯಾರದು?"

ಚೋನಾ ಬೇರೆ ಏನೋ ಹೇಳಬೇಕು ಅಂತಲೇ ಬಾಯಿ ತೆಗೆದಳಂತೆ, ಪಾಪ. ಬಂದದ್ದು ಮಾತ್ರ ಅದೇ ಮಾತು.

"ಯಾರೋ ಗೊತ್ತಿಲ್ಲ ಮೇಡಂ."

ರೆನಾತಾ ಅತ್ತಿತ್ತ ನೋಡಿ, ಯಾರೂ ಕಾಣದೆ, ಹೆಗಲು ಕುಣಿಸಿ ಒಳಗೆ ಹೋದಳು. ಚೋನಾ ಬೀದಿಗೆ ಬಿದ್ದು ಓಡಿದಳು. ಅಮ್ಮ ಅಮೋಸೋಕ್‌ಗೆ ಹೋಗಿರ್ತಾಳೆ, ವಿಳಾಸ ಹೇಳಿದ್ದೀನಲ್ಲ, ಇಲ್ಯಾಕೆ ಬರ್ತಾಳೆ... ಇದನ್ನೇ ಜಪ ಮಾಡ್ಕೊಂಡು ಕೊನೇ ಬಸ್ಸು ಹಿಡಿದಳು. ಬಸ್ಸಿನ ಬಾಗಿಲು ಮುಚ್ಚೋವಾಗ ದೂರದಲ್ಲಿ ಏನೋ ಮುರಿದ ಸದ್ದು ಕೇಳಿತಂತೆ. ಕಟುಕ್... ಒಂದೇ ಸಲ.

ಮನೇಲಿ ರಾತ್ರಿಯಿಡೀ ಎಡೆ ಮುಂದೆ ಕೂತಳು. ಬಾಗಿಲು ಹಾರು ಹೊಡೆದಿತ್ತು. ಅಳ್ತಾ ಅಳ್ತಾ ಎಷ್ಟು ಸಲ ತಪ್ಪಾಯ್ತು ಅಂದಳೋ. ಮೋಂಬತ್ತಿ ಉರಿ ಕೂಡ ಅಲುಗಲಿಲ್ಲ.

ಹಿರಿಯರು ಉಂಡು ಹೋದ ಎಡೆಗೆ ರುಚಿ ಇರಲ್ಲ, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಉಪ್ಪು, ಖಾರ, ಘಮ ಎಲ್ಲ ಅವರು ತಗೊಂಡು ಹೋಗಿರ್ತಾರೆ. ಬೆಳಗಾದ ಮೇಲೆ ನಮ್ಮಮ್ಮ ಸಾರಿನ ಬಟ್ಟಲು ಅವಳ ಕೈಗೆ ಕೊಟ್ಟಳು. ಚೋನಾ ಬೆರಳು ಅದ್ದಿ ನಾಲಿಗೆಗಿಟ್ಟಳು.

"ಹೇಗಿದೆಯೇ?" ಅಂದಳು ನಮ್ಮಮ್ಮ.

ಚೋನಾ ಬಿಕ್ಕಿದಳು. "ತುಂಬ ರುಚಿಯಾಗಿದೆ ಚಿಕ್ಕಮ್ಮ."

ಎಲ್ಲ ಹಾಗೇ ಇತ್ತು. ಎಳ್ಳಿನ ಘಮ, ಕೋಕೋ ಕಹಿ, ಮೆಣಸಿನಕಾಯಿ ಉರಿ. ಯಾರೂ ಮುಟ್ಟಿರಲಿಲ್ಲ.

ಬರಿಗಾಲಲ್ಲೇ ಬಸ್ಸು ಹತ್ತಿದಳು. ವಠಾರದಲ್ಲಿ ಒಗೆಯೋ ಕಲ್ಲು ಖಾಲಿ, ಕಳ್ಳಿ ಕುಂಡ ನೆಲದ ಮೇಲೆ. ಎಡೆ ಮುಂದೆ ರೆನಾತಾ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ನೋಡು ಚೋನಿತಾ, ಯಾವುದೋ ಮಗು ಕಚ್ಚಿ ಹಾಳು ಮಾಡಿದೆ. ತೆಗೆದು ಬಿಸಾಕು."

ಆ ಅತಿಥಿಗೃಹಕ್ಕೆ ಮಕ್ಕಳನ್ನ ಸೇರಿಸೋದೇ ಇಲ್ಲ.

ಚೋನಾ ಆ ಪ್ಲಾಸ್ಟರ್ ಬನ್ನು ತಿರುಗಿಸಿದಳು. ಅಂಚಿನಲ್ಲಿ ಆಳವಾಗಿ ಕಚ್ಚಿದ ಗುರುತು. ನಮ್ಮ ದೊಡ್ಡಮ್ಮ ಚೋನಾನ ನಾಮಕರಣದ ದಿನ ಪಾನಕದ ಬಾಟಲಿ ಮುಚ್ಚಳ ಹಲ್ಲಲ್ಲಿ ತೆಗೆಯೋಕೆ ಹೋಗಿ ಮುಂದಿನದೊಂದು ಹಲ್ಲು ಮುರ್ಕೊಂಡಿದ್ದಳು. ಸಾಯೋವರೆಗೂ ಆ ಕಿಂಡೀಲೇ ನಗ್ತಿದ್ದಳು. ಬನ್ನಿನ ಮೇಲೂ ಅದೇ ಜಾಗದಲ್ಲಿ ಒಂದು ಹಲ್ಲಿನ ಗುರುತಿರಲಿಲ್ಲ.

ಚೋನಾ ಅವತ್ತೇ ಕೆಲಸ ಬಿಟ್ಟಳು. ಬನ್ನು ಈಗಲೂ ಅವಳ ಮನೇಲಿದೆ, ಬಟ್ಟೇಲಿ ಸುತ್ತಿಟ್ಟಿದ್ದಾಳೆ. ನಾನೇ ಬೆರಳಿಟ್ಟು ನೋಡಿದ್ದೀನಿ. ಬೇಕಾದ್ರೆ ನಾಳೆ ಕರ್ಕೊಂಡು ಹೋಗಿ ತೋರಿಸ್ತೀನಿ, ಬನ್ನಿ. ಇನ್ನೊಂದು ಮಾತು... ಕಚ್ಚಿದ ಆ ತುಂಡಿಗಾಗಿ ಚೋನಾ, ದೋನ್ ಎವೊದಿಯೊ ಇಬ್ಬರೂ ಅವತ್ತು ಅಂಗಳವೆಲ್ಲ ಹುಡುಕಿದರು. ಎಡೆ ಕೆಳಗೆ, ಹೂವಿನ ನಡುವೆ, ಕಲ್ಲಿನ ಹಿಂದೆ. ಒಂದು ಚೂರೂ ಸಿಗಲಿಲ್ಲ. ನೆಲದ ಮೇಲೆ ಪುಡಿ ಕೂಡ ಇರಲಿಲ್ಲ.