ಕಾಶವ್ವ ಬುಡ ಕಿತ್ತು ನೋಡಿದ ಕತಿ

ಬರ್ರಿ, ಕೂಡ್ರಿ. ಮುಂದಿನವರು ಸ್ವಲ್ಪ ಸರೀರಿ, ಹಿಂದಿನವರಿಗೂ ಜಾಗ ಆಗಲಿ. ನಾನು ಹೇಳ್ತಾ ಹೋಗ್ತೀನಿ, ನೀವು ಹೂಂ ಅಂತಾ ಬರ್ರಿ. ಹೂಂ ಅನ್ನೋದು ನಿಂತರೆ ಕತಿನೂ ನಿಂತುಬಿಡ್ತೈತಿ, ಆಮ್ಯಾಲೆ ನನ್ನ ಬೈಬ್ಯಾಡ್ರಿ.

ಒಂದಾನೊಂದು ಸೀಮೆ. ಹೆಸರು ಕೇಳಬ್ಯಾಡ್ರಿ, ನನಗೂ ಯಾರೂ ಹೇಳಿಲ್ಲ. ಕೆಂಪು ಗುಡ್ಡದ ಕೆಳಗೆ ಕರೀ ಎರಿ ಮಣ್ಣು, ಆ ಮಣ್ಣಿನ ನಡುವೆ ಒಂದು ಊರು. ಆ ಊರಾಗ ಅಡಿವೆಪ್ಪ ಅಂತ ಒಬ್ಬ ರೈತ ಇದ್ದ. ಹೆಂಡತಿ ತೀರಿಕೊಂಡು ಒಂದು ವರ್ಷ ಆಗಿತ್ತು. ಒಬ್ಬನೇ ಮಗ, ಸೋಮಲಿಂಗ. ಎತ್ತಿನಂಥ ಆಳು, ಆದರೆ ಬಾಯಾಗ ಮಾತು ಕಡಿಮೆ.

ಅಡಿವೆಪ್ಪಗ ಗೋಧಿ ಅಂದರೆ ಗೋಧಿ. ಈ ವರ್ಷ ಏನು ಬಿತ್ತಿದಿ ಅಡಿವೆಪ್ಪ? ಗೋಧಿ. ಬರೋ ವರ್ಷ? ಗೋಧಿ. ಅದರಾಚೆ ವರ್ಷ? ಏ, ಮತ್ತೇನು ಕೇಳ್ತೀ, ಗೋಧಿ! ಅವನ ಗೋಧಿ ಬೀಸಿದರೆ ಹಿಟ್ಟು ನುಣ್ಣಗೆ, ಶಾವಿಗಿ ಹೊಸೆದರೆ ಎಳಿ ಮಾರುದ್ದ. ಅಷ್ಟು ಚೊಲೋ ಗೋಧಿ. ಅದರ ಜಂಬ ಅವನ ಮೀಸಿ ಮ್ಯಾಲೆ ಕುಂತಿತ್ತು.

ಅವನ ಹೊಲಕ್ಕೆ ಹತ್ತಿದ್ದು ದುಂಡವ್ವನ ಹೊಲ. ಗಂಡನಿಲ್ಲದ ಹೆಣ್ಣುಮಗಳು, ಎತ್ತು ಇಲ್ಲ, ಬಾಡಿಗಿ ಎತ್ತು ತಂದು ಬಿತ್ತೋಳು. ಆಕಿ ಬೆಳೆಯೋದು ಜವೆಗೋಧಿ. ಬಾರ್ಲಿ ಅಂತೀರಲ್ಲ, ಅದೇ. ಆಕಿಗೆ ಒಬ್ಬಳೇ ಮಗಳು, ಕಾಶವ್ವ. ಕಣ್ಣು ಚುರುಕು, ಕೈ ಚುರುಕು, ನಾಲಿಗಿ ಎರಡಕ್ಕಿಂತ ಚುರುಕು.

ಬದುವಿನ ಆ ಕಡೆ ಗಂಡು, ಈ ಕಡೆ ಹೆಣ್ಣು. ದೊಡ್ಡವರು ಕೂತು ಮಾತಾಡಿದರು, ಸೋಮಲಿಂಗಗ ಕಾಶವ್ವ ಅಂತ ನಿಶ್ಚಯ ಆಯಿತು. ಹಸಿರು ಸೀರಿ ಉಡಿಸಿದರು, ಉಡಿ ತುಂಬಿದರು. ರಾಶಿ ಮುಗಿದ ಮ್ಯಾಲೆ ಮದುವಿ ಅಂದರು. ಎಲ್ಲಾರೂ ಖುಷಿ.

ಹೂಂ ಅನ್ರಿ. ಇನ್ನು ಮುಂದೆ ಐತಿ ಗಮ್ಮತ್ತು.

ಆ ವರ್ಷ ಹಿಂಗಾರಿ ಗೋಧಿ ಮೊಣಕಾಲ ಮಟ ಎದ್ದಿತು, ಸೊಂಟದ ಮಟ ಎದ್ದಿತು, ತೆನಿ ಹೊರಗೆ ಹಾಕಿತು. ಕಾಳು ಹಾಲು ತುಂಬೋ ಹೊತ್ತಿಗೆ ಇಬ್ಬನಿ ನಿಂತುಹೋಯಿತು. ಮೂಡಗಾಳಿ ಒಣಒಣ ಬೀಸಿತು. ಎಂಟು ದಿನ ಬೀಸಿತು ನೋಡ್ರಿ, ಅಡಿವೆಪ್ಪನ ಹೊಲದಾಗ ಇಲ್ಲೊಂದು ತೆನಿ ಬೆಳ್ಳಗಾತು, ಅಲ್ಲೊಂದು ಬೆಳ್ಳಗಾತು. ಹಸಿರು ಹೊಲದ ನಡುವೆ ಮುದುಕರ ತಲಿ ಎದ್ದು ನಿಂತಂಗ! ಹಿಚುಕಿ ನೋಡಿದರೆ ಒಳಗೆ ಕಾಳಿಲ್ಲ, ಬರೀ ಜೊಳ್ಳು.

ಹಿಂದಿನ ವರ್ಷನೂ ಅಲ್ಲೊಂದು ಇಲ್ಲೊಂದು ಇದ್ದವು. ಅದಕ್ಕಿಂತ ಹಿಂದಿನ ವರ್ಷನೂ ಇದ್ದವು. ಅಡಿವೆಪ್ಪ ಲಕ್ಷ್ಯ ಕೊಟ್ಟಿರಲಿಲ್ಲ. ಈ ವರ್ಷ ಅರ್ಧ ಹೊಲನೇ ಬೆಳ್ಳಗಾಗಿ ಕುಂತಿತ್ತು.

ಏನು ಮಾಡಿದ ಅಡಿವೆಪ್ಪ? ಮೊದಲು ದೃಷ್ಟಿ ಗಡಿಗೆ ಕಟ್ಟಿದ. ತೆನಿ ಬೆಳ್ಳಗಾಗೋದು ನಿಲ್ಲಲಿಲ್ಲ. ಆಮ್ಯಾಲೆ ಬೂದಿ ಎರಚಿದ. ನಿಲ್ಲಲಿಲ್ಲ. ಗೊಬ್ಬರ ಕಡಿಮಿ ಆತೇನೋ ಅಂತ ಬುಟ್ಟಿಗಟ್ಟಲೆ ಗೊಬ್ಬರ ಸುರಿದ. ಊಂ ಹೂಂ, ನಿಲ್ಲಲೇ ಇಲ್ಲ.

ಆಗ ಊರಾಗಿನ ಬಾಯಿ ಶುರು ಆತು. "ನಿಶ್ಚಯ ಆದ ವರ್ಷನೇ ಹೊಲ ಹಿಂಗ ಆತಲ್ಲ? ಹುಡುಗಿ ಕಾಲ್ಗುಣ ನೋಡಿಕೋ ಅಡಿವೆಪ್ಪ." ಬಾವಿ ಹತ್ತಿರ ಒಬ್ಬಾಕಿ ಅಂದಳು, ಅಗಸಿ ಬಾಗಲದಾಗ ಒಬ್ಬಾತ ಅಂದ, ಗಾಣದ ಮನಿಯಾಗ ಹತ್ತು ಮಂದಿ ಅಂದರು. ಎದೆಯೊಳಗೆ ಸಂಕಟ ಇದ್ದವನಿಗೆ ಯಾರ ಮ್ಯಾಲಾದರೂ ಹೊರಿಸಬೇಕಾಗಿರ್ತೈತಿ. ಅಡಿವೆಪ್ಪ ಮಗನ್ನ ಕರಕೊಂಡು ದುಂಡವ್ವನ ಅಂಗಳಕ್ಕೆ ಬಂದೇಬಿಟ್ಟ.

"ತಂಗಿ ದುಂಡವ್ವಾ, ಸಿಟ್ಟಾಗಬ್ಯಾಡ. ಈ ಸಂಬಂಧ ನಮಗ ಕೂಡಿ ಬರಂಗಿಲ್ಲ. ನಿನ್ನ ಮಗಳು ನನ್ನ ಮನಿಗೆ ಇನ್ನೂ ಕಾಲಿಟ್ಟಿಲ್ಲ, ಆಗಲೇ ಹೊಲ ಬೆಳ್ಳಗಾಗೇತಿ. ಕಾಲಿಟ್ಟರೆ ಏನಾದೀತು?"

ದುಂಡವ್ವ ಕಂಬ ಹಿಡಕೊಂಡು ನಿಂತಳು. ಕಾಶವ್ವ ಸೋಮಲಿಂಗನ್ನ ನೋಡಿದಳು. ಅವನು ತನ್ನ ಹೆಬ್ಬೆರಳು ನೋಡ್ತಿದ್ದ. ಒಂದು ಮಾತು ಆಡ್ತಾನೇನೋ ಅಂತ ಕಾದಳು. ಅವನು ಆಡಲಿಲ್ಲ. ಅಪ್ಪ ತಿರುಗಿದ, ಮಗನೂ ತಿರುಗಿದ.

ಅತ್ತಳೇನು ಕಾಶವ್ವ? ಅತ್ತಳು ಮತ್ತೆ. ಕಲ್ಲೇನು ಆಕಿ? ಸೆರಗು ಒದ್ದಿ ಆಗೋವಷ್ಟು ಅತ್ತಳು. ಆಮ್ಯಾಲೆ ಮುಖ ತೊಳಕೊಂಡಳು. "ಯವ್ವಾ, ನಾ ಹೊಲಕ್ಕೆ ಹೋಗಿ ಬರ್ತೀನಿ" ಅಂದಳು.

"ಈಗ ಹೊಲದಾಗೇನೈತೆ ನನ್ನವ್ವಾ?"

"ನನ್ನ ಕಾಲಿನ ತಪ್ಪೋ, ಗೋಧಿ ಕಾಲಿನ ತಪ್ಪೋ, ನೋಡಿ ಬರ್ತೀನಿ."

ಎಲ್ಲಾರೂ ತೆನಿ ನೋಡಿ ಎದಿ ಬಡಕೊಂಡಿದ್ದರು. ಯಾರೊಬ್ಬರೂ ಬಗ್ಗಿರಲಿಲ್ಲ. ಕಾಶವ್ವ ಬಗ್ಗಿದಳು. ಒಂದು ಬಿಳಿ ತೆನಿಯ ಗಿಡ ಹಿಡಿದು ಎಳೆದಳು. ಬುಡದ ಗಿಣ್ಣು ಬೆಲ್ಲದ ಪಾಕದಂಗ ಕಂದಾಗಿತ್ತು. ಅದಕ್ಕೆ ಸುತ್ತಿಕೊಂಡ ಎಲಿಯ ಸೋಗಿ ಬಿಚ್ಚಿದಳು. ಒಳಗೆ ತಿಳೀ ಗುಲಾಬಿ ಬಣ್ಣದ ಬೂಷ್ಟು! ಪಕ್ಕದ ಹಸಿರು ಗಿಡ ಕಿತ್ತಳು. ಅದರ ಬುಡ ಮೂಲಂಗಿಯಂಗ ಬೆಳ್ಳಗೆ, ಚೊಕ್ಕ. ಇನ್ನೊಂದು ಬಿಳಿ ತೆನಿ ಕಿತ್ತಳು, ಕಂದು. ಮತ್ತೊಂದು, ಕಂದು. ಆ ಕಂದು ಬುಡದ ಪಕ್ಕ ಮಣ್ಣಾಗ ಹೋದ ವರ್ಷದ ಗೋಧಿ ಕೂಳಿ ಹೂತಿತ್ತು. ಕೊಯ್ದ ಮ್ಯಾಲೆ ಉಳಿದ ಮೋಟು ಕಡ್ಡಿ ಇರ್ತಾವಲ್ಲ, ಅವು. ಅವುಗಳ ಮ್ಯಾಲೂ ಅದೇ ಬೂಷ್ಟು.

"ಹಳೇ ಕೂಳಿಯಾಗ ಕುಂತು ಹೊಸ ಗಿಡದ ಬುಡ ತಿನ್ನಾಕತ್ತೈತಿ" ಅಂದುಕೊಂಡಳು. "ನೀರು ಏರೋ ದಾರಿನೇ ಕೊಳೆತರೆ ತೆನಿಗೆ ಹಾಲು ಎಲ್ಲಿಂದ ಬರಬೇಕು? ಗಾಳಿ ಒಣಗಿದ ಕೂಡಲೆ ಸತ್ತಾವು."

ಬದು ದಾಟಿ ತಮ್ಮ ಜವೆ ಹೊಲಕ್ಕೆ ಬಂದಳು. ಅಲ್ಲಿ ಒಂದೂ ಬಿಳಿ ತೆನಿ ಇಲ್ಲ, ಕಾಳು ತುಂಬಿ ಬಾಗ್ಯಾವು. ಆದರೂ ಒಂದು ಗಿಡ ಕಿತ್ತಳು. ಏನು ಕಂಡಳು ಹೇಳ್ರಿ ನೋಡೋಣ? ಬುಡ ಕಂದು! ಇನ್ನೊಂದು, ಅದೂ ಕಂದು! ಜವೆ ಹದಿನೈದು ದಿನ ಮೊದಲೇ ಕಾಳು ಕಟ್ಟಿ, ಮೂಡಗಾಳಿ ಬರೋದರೊಳಗೆ ಪಾರಾಗಿತ್ತು. ರೋಗ ಮಾತ್ರ ಅಲ್ಲೂ ಇತ್ತು.

ಕಾಶವ್ವ ಅಲ್ಲೇ ಕುಕ್ಕರಿಸಿದಳು. ಇದನ್ನ ಹೇಳಿದರೆ ಅಡಿವೆಪ್ಪ ಏನಂದಾನು? "ನಿಮ್ಮ ಹೊಲದಿಂದಲೇ ಬಂತು" ಅಂದಾನು. ಹೇಳದಿದ್ದರೆ ಯಾರಿಗೂ ಗೊತ್ತಾಗಂಗಿಲ್ಲ. ಸುಮ್ಮನಿರಲೇನು? ಹೇಳಲೇನು? ಬಹಳ ಹೊತ್ತು ಕುಂತಿದ್ದಳು. ಕಡೀಗೆ ಎರಡೂ ಹೊಲದ ಗಿಡ ಉಡಿಯಾಗ ಕಟ್ಟಿಕೊಂಡು ಎದ್ದಳು. ಹೋಗೋ ದಾರಿಯಾಗ ಅಡಿವೆಪ್ಪನ ಹೊಲದ ಮೂಲಿಯಾಗ ಇನ್ನೊಂದು ಕಂಡಳು. ಅದನ್ನ ನೋಡಿ ಆಕಿ ಹೆಜ್ಜಿ ಜೋರಾತು.

ಅಡಿವೆಪ್ಪ ತನ್ನ ಮನಿ ಕಟ್ಟಿ ಮ್ಯಾಲೆ ಕುಂತಿದ್ದ. ಕಾಶವ್ವ ಗಿಡಗಳನ್ನ ಅವನ ಮುಂದೆ ಹಾಕಿದಳು.

"ಮಾವಾರ, ಇದು ನಿಮ್ಮ ಗೋಧಿ. ಇದು ನಮ್ಮ ಜವೆ. ಎರಡರ ಬುಡಾನೂ ಕೊಳೆತೈತಿ ನೋಡ್ರಿ."

"ಹಾಂ! ನಿಮ್ಮದರಾಗೂ ಐತಿ! ಹಂಗಾರ ನಿಮ್ಮಿಂದನೇ ನಮಗ ಬಂತು!"

"ಇರಬಹುದು. ನಿಮ್ಮಿಂದ ನಮಗ ಬಂದಿರಲೂಬಹುದು. ನಾ ಮುಚ್ಚಿಟ್ಟಿದ್ದರೆ ನಿಮಗ ಗೊತ್ತಾಗ್ತಿರಲಿಲ್ಲ. ಈಗ ಏಳ್ರಿ, ಹೊಲದ ಮೂಡಣ ಮೂಲಿಗೆ ಬರ್ರಿ."

ಹೋದರು. ಮೂಲಿಯಾಗ ಒಂದು ಹಾಸಿಗಿ ಅಗಲದ ಜಾಗದಾಗ ಗೋಧಿ ಹಸಿರಾಗಿ ನಿಂತಿತ್ತು. ಒಂದೇ ಒಂದು ಬಿಳಿ ತೆನಿ ಇರಲಿಲ್ಲ.

"ಇಲ್ಲಿ ಮೊದಲು ಏನಿತ್ತು ಮಾವಾರ?"

ಅಡಿವೆಪ್ಪ ಒಂದು ತೆನಿ ಸವರಿದ. "ಕಡ್ಲಿ" ಅಂದ. "ಸೋಮನ ಅವ್ವ ವರ್ಷಾ ಇಲ್ಲಿ ಕಡ್ಲಿ ಹಾಕ್ತಿದ್ದಳು, ಪಲ್ಯಾಕ್ಕ. ಆಕಿ ಹೋದಳು ಅಂತ ಈ ವರ್ಷ ಅದರಾಗೂ ಗೋಧಿ ಬಿತ್ತಿದೆ."

"ಅತ್ತಿಯವರು ಕಡ್ಲಿ ಹಾಕಿದಲ್ಲಿ ಗೋಧಿ ಕೂಳಿ ಇರಲಿಲ್ಲ. ಕೂಳಿ ಇಲ್ಲದಲ್ಲಿ ಬೂಷ್ಟಿಗೆ ಮನಿ ಇಲ್ಲ. ನೀವು ಗೋಧಿ ಮ್ಯಾಲೆ ಗೋಧಿ ಬಿತ್ತಿ ಅದಕ್ಕ ವರ್ಷಾ ಊಟಕ್ಕ ಇಟ್ಟೀರಿ. ಕೂಳಿ ಮುರಿದು ರೆಂಟಿಲೆ ಉತ್ತು ಹೊಲದ ತುಂಬ ಹಂಚೀರಿ."

ಅಡಿವೆಪ್ಪಗ ನಿಜ ಅನ್ನಿಸಿತು. ಆದರೆ ಮೀಸಿ ಮ್ಯಾಲಿನ ಜಂಬ ಇಳಿಯಾಕ ಒಪ್ಪಲಿಲ್ಲ. "ಒಂದು ಮೂಲಿ ನೋಡಿ ಇಡೀ ಹೊಲದ ಮಾತು ಹೇಳಬ್ಯಾಡ" ಅಂದ.

"ಹಂಗಾರ ಅರ್ಧ ಹೊಲ ನನ್ನ ಕೈಗೆ ಕೊಡ್ರಿ. ಒಂದು ವರ್ಷ ಕಡ್ಲಿ, ಒಂದು ವರ್ಷ ಕುಸುಬಿ, ಮೂರನೇ ವರ್ಷ ಗೋಧಿ. ಉಳಿದರ್ಧದಾಗ ನೀವು ನಿಮ್ಮಂಗನ ಬಿತ್ರಿ. ನನ್ನ ಮಾತು ಸುಳ್ಳಾದರೆ ನಾನೂ ನಮ್ಮವ್ವನೂ ನಮ್ಮ ಹೊಲ ನಿಮಗ ಬಿಟ್ಟು ಊರು ಬಿಡ್ತೀವಿ. ಖರೇ ಆದರೆ, ನನ್ನ ಕಾಲಿಗೆ ಹೊರಿಸಿದ ಮಾತು ನೀವು ಊರ ಮುಂದೆ ವಾಪಸು ತಗೋಬೇಕು."

"ಆಗಲಿ" ಅಂದ ಅಡಿವೆಪ್ಪ.

ಮನಿಗೆ ಬಂದು ಹೇಳಿದಾಗ ದುಂಡವ್ವ ತಲಿ ಮ್ಯಾಲೆ ಕೈ ಹೊತ್ತಳು. "ಇರೋ ಒಂದು ಹೊಲಾನೂ ಪಣಕ್ಕಿಟ್ಟು ಬಂದ್ಯಾ ಮಗಳ?" ಅಂದಳು. ಎರಡು ದಿನ ಮಗಳ ಜೋಡಿ ಮಾತಾಡಲಿಲ್ಲ. ಮೂರನೇ ದಿನ ತಾನೇ ರೊಟ್ಟಿ ಬುತ್ತಿ ಕಟ್ಟಿಕೊಟ್ಟು, "ನಡಿ, ನಾನೂ ಬರ್ತೀನಿ" ಅಂದಳು.

ಕೊಯ್ಲಾದ ಮ್ಯಾಲೆ ತಾಯಿ ಮಗಳು ಕೂಳಿ ಕೀಳಾಕ ಕುಂತರು. ಬುಡ ಸಮೇತ ಕೀಳೋದು, ಮಣ್ಣು ಝಾಡಿಸೋದು, ಹೊರಿ ಕಟ್ಟೋದು, ಒಲಿಗೆ ಒಯ್ಯೋದು. ನಾಲ್ಕನೇ ದಿನ ನೋಡ್ತಾರೆ, ಹೊಲದ ಆ ತುದಿಯಿಂದ ಇನ್ನೊಬ್ಬರು ಕೂಳಿ ಕೀಳ್ತಾ ಬರಾಕತ್ತಾರ. ಯಾರು? ಸೋಮಲಿಂಗ!

ಕಾಶವ್ವ ತಲಿ ಎತ್ತಲಿಲ್ಲ. "ನಿಮ್ಮಪ್ಪನ್ನ ಕೇಳಿ ಬಂದೀಯೇನು?"

"ಇಲ್ಲ."

"ಬೈದರೆ?"

"ಬೈಲಿ."

ಅಷ್ಟೇ ಮಾತು. ಕಾಶವ್ವನ ಸಿಟ್ಟು ಇಳಿಯಲಿಲ್ಲ. ಆದರೆ ಬುತ್ತಿ ಬಿಚ್ಚಿದಾಗ ಎರಡು ರೊಟ್ಟಿ ಅವನ ಕಡೆ ಸರಿಸಿದಳು.

ಮೊದಲನೇ ವರ್ಷ ಕಡ್ಲಿ. ಊರವರು ನಕ್ಕರು, "ಗೋಧಿ ಹೊಲದಾಗ ಕಡ್ಲಿ ಬಿತ್ತಿದ ಮದುಮಗಳು!" ಅಂತ. ಮಳಿ ಬಂದಾಗ ಕಾಶವ್ವ ಮಣ್ಣಾಗ ಉಳಿದ ಕೂಳಿ ಹೆಕ್ಕಿ ಮುರಿದು ನೋಡಿದಳು. ಇನ್ನೂ ಗಟ್ಟಿ, ಚಟ್ ಅಂತ ಮುರೀತು. ಎರಡನೇ ವರ್ಷ ಕುಸುಬಿ. ಊರವರಿಗೆ ನಕ್ಕು ನಕ್ಕು ಬ್ಯಾಸರ ಬಂತು. ಕಾಶವ್ವ ಮತ್ತೆ ಕೂಳಿ ಹೆಕ್ಕಿದಳು. ಮೆತ್ತಗಾಗಿತ್ತು. ಮೂರನೇ ವರ್ಷ ಬಿತ್ತೋ ಮುಂದೆ ಹೆಕ್ಕಿದಳು. ಕೂಳಿ ಬೆರಳಾಗ ಪುಡಿಪುಡಿ ಆಗಿ ಮಣ್ಣಿನ ಜೋಡಿ ಮಣ್ಣಾತು.

ಆಗ ಗೋಧಿ ಬಿತ್ತಿದರು. ಸೋಮಲಿಂಗ ಬೀಜ ಬಿತ್ತೋ ಕೂರಿಗಿ ಹಿಡಿದ. "ಹಳೇ ಸಾಲಿನ ಮ್ಯಾಲೆ ಹೋಗಬ್ಯಾಡ, ಎರಡು ಸಾಲಿನ ನಡುವೆ ಹೊಡಿ" ಅಂದಳು ಕಾಶವ್ವ. ಹದ ಇರುವಾಗಲೇ, ಸೀಗಿ ಹುಣ್ಣಿವಿಗಿಂತ ಮೊದಲೇ ಬಿತ್ತನಿ ಮುಗಿಸಿದರು. ಗೊಬ್ಬರ ಹಿಡಿತದಾಗ ಹಾಕಿದರು. ಪಕ್ಕದರ್ಧದಾಗ ಅಡಿವೆಪ್ಪ ಒಬ್ಬನೇ, ಗೋಧಿ ಮ್ಯಾಲೆ ಮತ್ತೆ ಗೋಧಿ.

ಆ ವರ್ಷನೂ ಬಂತು ನೋಡ್ರಿ ಮೂಡಗಾಳಿ! ಎಂಟು ದಿನ ಅಲ್ಲ, ಹನ್ನೆರಡು ದಿನ ಬೀಸಿತು. ಕಾಶವ್ವಗ ಊಟ ಸೇರಲಿಲ್ಲ. ತಾಯಿ ಹೊಲ ಆಕಿ ನಾಲಿಗಿ ಮ್ಯಾಲೆ ನಿಂತಿತ್ತಲ್ಲ! ಹದಿಮೂರನೇ ದಿನ ಬೆಳಿಗ್ಗೆ ಹೊಲಕ್ಕೆ ಹೋದರೆ ಅಡಿವೆಪ್ಪ ಆಗಲೇ ಹೊಲದ ನಡುಗೆರಿ ಮ್ಯಾಲೆ ನಿಂತಿದ್ದ. ಅವನ ಎಡಕ್ಕೆ ಅವನ ಗೋಧಿ, ಸುಣ್ಣ ಚೆಲ್ಲಿದಂಗ. ಬಲಕ್ಕೆ ಕಾಶವ್ವನ ಗೋಧಿ, ಹೊಂಬಣ್ಣ ತಿರುಗಿ, ಕಾಳಿನ ಭಾರಕ್ಕೆ ಬಾಗಿ ನಿಂತಿತ್ತು.

ಕಾಶವ್ವ ತನ್ನ ಗೋಧಿಯೊಳಗೆ ಹೋಗಿ ಹುಡುಕಿ ಹುಡುಕಿ ನಾಲ್ಕು ಬಿಳಿ ತೆನಿ ಕಿತ್ತು ತಂದಳು. "ಪೂರ್ತಿ ಹೋಗಿಲ್ಲ ಮಾವಾರ. ನನ್ನದರಾಗೂ ಇಷ್ಟೈತಿ. ಮತ್ತೆ ಗೋಧಿ ಮ್ಯಾಲೆ ಗೋಧಿ ಹಾಕಿದರೆ ಮತ್ತೆ ಹಬ್ತೈತಿ."

ಅಡಿವೆಪ್ಪ ಆ ನಾಲ್ಕು ತೆನಿ ಇಸಕೊಂಡು ಸೀದಾ ಊರ ಕಟ್ಟಿಗೆ ಹೋದ. ಎಲ್ಲಾರನ್ನೂ ಕರೆದ. ತಲಿ ಮ್ಯಾಲಿನ ಪಟಗ ತೆಗೆದು ಕೈಯಾಗ ಹಿಡಕೊಂಡ.

"ಕೇಳ್ರಪ್ಪಾ. ಮೂರು ವರ್ಷದ ಹಿಂದೆ ಈ ಹುಡುಗಿ ಕಾಲ್ಗುಣ ಕೆಟ್ಟದ್ದು ಅಂದಿದ್ದೆ. ಕೆಟ್ಟದ್ದು ನನ್ನ ಹಟ. ರೋಗ ಇದ್ದದ್ದು ನನ್ನ ಕೂಳಿಯಾಗ. ನಾನು ಆಡಿದ ಮಾತು ನಾನೇ ವಾಪಸು ತಗೊಂಡೆ. ನನ್ನ ಕೂಡ ಆಡಿದವರೂ ತಗೋರಿ."

ಊರವರು ಒಬ್ಬರ ಮುಖ ಒಬ್ಬರು ನೋಡಿ, ಹೂಂ ಅಂದರು. ನಿಮ್ಮಂಗ ಅಲ್ಲ, ಮೆಲ್ಲಗೆ ಅಂದರು.

"ಈಗ ಸೊಸಿಯಾಗಿ ಬರ್ತೀಯೇನವ್ವಾ?" ಅಂತ ಕೇಳಿದ ಅಡಿವೆಪ್ಪ.

"ನಿಮ್ಮ ಮಾತು ಮುಗೀತು ಮಾವಾರ" ಅಂದಳು ಕಾಶವ್ವ. "ಅವತ್ತು ನಮ್ಮ ಅಂಗಳದಾಗ ಇನ್ನೊಬ್ಬರು ನಿಂತಿದ್ದರು. ಅವರದು ಬಾಕಿ ಐತಿ."

ಎಲ್ಲಾರ ಕಣ್ಣೂ ಸೋಮಲಿಂಗನ ಮ್ಯಾಲೆ. ಬೆವರಿದ ಪಾಪ. ಕಡೀಗೆ ಬಾಯಿ ಬಿಟ್ಟ. "ಅವತ್ತು ನಾನು ಮಾತಾಡಬೇಕಾಗಿತ್ತು. ಅಂಜಿದೆ. ಅಪ್ಪಗ ಅಂಜಿ ನಿನ್ನ ಒಬ್ಬಾಕಿನ್ನ ಬಿಟ್ಟೆ. ತಪ್ಪಾತು ಕಾಶಿ. ಇನ್ನು ಮ್ಯಾಲೆ ನಿನಗ ಯಾರಾದರೂ ಒಂದು ಮಾತು ಅಂದರೆ, ಮೊದಲು ನನ್ನ ಬಾಯಿ ದಾಟಿ ಬರಬೇಕು."

ಅವನು ಹುಟ್ಟಿದ ಮ್ಯಾಲೆ ಅಷ್ಟುದ್ದ ಮಾತಾಡಿದ್ದು ಊರವರು ಅವತ್ತೇ ಕೇಳಿದ್ದು! ಕಾಶವ್ವ ಸೆರಗಿನಾಗ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗುನೇ ಒಪ್ಪಿಗಿ ಅಂತ ದುಂಡವ್ವ ಸಕ್ಕರಿ ಹಂಚಿಬಿಟ್ಟಳು.

ರಾಶಿ ಆತು, ಮದುವಿ ಆತು, ಹೊಸ ಗೋಧಿಯ ಹುಗ್ಗಿ ಊರೆಲ್ಲ ಉಂಡಿತು.

ಮುಗೀತು ಅಂತ ಏಳಾಕ ಹೋಗಬ್ಯಾಡ್ರಿ, ಇನ್ನೊಂದು ಚೂರು ಐತಿ.

ಮತ್ತೆ ಬಿತ್ತನಿ ಕಾಲ ಬಂತು. ಒಂದು ಬೆಳಿಗ್ಗೆ ಕಾಶವ್ವ ರೊಟ್ಟಿ ಬಡೀತಿದ್ದಳು. ಹಿತ್ತಲದಾಗ ನೋಡ್ತಾಳೆ, ಎತ್ತು ಇಲ್ಲ, ಕೂರಿಗಿ ಇಲ್ಲ, ಮಾವನೂ ಇಲ್ಲ! ಯಾರಿಗೂ ಹೇಳದೆ ಹೋಗ್ಯಾನ. "ಅಯ್ಯ ಶಿವನ, ಮುದುಕ ಮತ್ತೆ ಗೋಧಿ ಬಿತ್ತಾಕ ಹೋದ!" ಅಂತ ಹಿಟ್ಟಿನ ಕೈಯಾಗೇ ಓಡಿದಳು. ತಮ್ಮ ಹೊಲಕ್ಕೆ ಬಂದು ನೋಡಿದರೆ ಯಾರೂ ಇಲ್ಲ. ಬದುವಿನ ಆಚೆ ಎತ್ತಿನ ಗೆಜ್ಜಿ ಸಪ್ಪಳ. ಅಡಿವೆಪ್ಪ ದುಂಡವ್ವನ ಹೊಲದಾಗ ಕೂರಿಗಿ ಹೊಡೀತಿದ್ದ. ದುಂಡವ್ವ ಹಿಂದೆ ಬೀಜ ಬಿಡ್ತಾ ಬರ್ತಿದ್ದಳು. ಕಾಶವ್ವ ಅವ್ವನ ಉಡಿಯೊಳಗೆ ಇಣುಕಿದಳು. ಕಡ್ಲಿ!

"ಏನವ್ವಾ, ಹಿಂಗ ಓಡಿ ಬಂದಿ?" ಅಂದ ಅಡಿವೆಪ್ಪ. "ಈ ಜವೆ ಹೊಲದಾಗೂ ರೋಗ ಐತಿ ಅಂತ ನೀನೇ ತೋರಿಸಿದ್ದಿ. ನಿಮ್ಮವ್ವಗ ಎತ್ತಿಲ್ಲ. ಹದ ಕಾಯ್ತೈತೇನು? ಮೊದಲು ಇದು ಮುಗೀಲಿ, ಆಮ್ಯಾಲೆ ನಮ್ಮದು. ನಿಂದು ರೊಟ್ಟಿ ಆಗ್ಯಾವೇನು, ಹೊಟ್ಟಿ ಹಸ್ತೈತಿ."

ಕಾಶವ್ವ ಹಿಟ್ಟಿನ ಕೈಯಾಗೇ ಕಣ್ಣು ಒರಸಿಕೊಂಡು, ನಗ್ತಾ ಮನಿಗೆ ಓಡಿದಳು.

ಅವರ ಬುತ್ತಿ ಅವರು ಬಿಚ್ಚಿದರು, ನನ್ನ ಕತಿ ಗಂಟು ನಾನು ಬಿಚ್ಚಿದೆ. ಗಂಟಿನಾಗ ಇನ್ನೇನೂ ಉಳಿದಿಲ್ಲ. ಹೂಂ ಅಂದವರ ಗಂಟಲಿಗೆ ತಂಪಾಗಲಿ, ಹೊಲ ಇದ್ದವರ ಕಣಜ ತುಂಬಲಿ. ಏಳ್ರಿ, ಕಾಲು ಜೋಮು ಹಿಡಿದಾವು.