ಬರೀ ಕಂಬಿಯ ದಿನ

ಜಿಮ್ಮಿನ ಬಾಗಿಲ ಬಳಿ ಬೂಟು ಕಟ್ಟಿಕೊಳ್ಳುತ್ತ ಕೂತಿದ್ದೆ. ಒಳಗೆ ಕಬ್ಬಿಣ ನೆಲಕ್ಕೆ ಬಿದ್ದಾಗಲೆಲ್ಲ ಅಜ್ಜಿಯ ಕಥೆಯ ರಾಕ್ಷಸ ಹೆಜ್ಜೆ ಇಟ್ಟಂತಾಗುತ್ತಿತ್ತು. ಪಕ್ಕದ ಬೆಂಚಿನಲ್ಲಿ ಒಬ್ಬರು ಅತ್ತೆ, ಅವರ ಸೊಸೆ.

“ಇಷ್ಟು ದಿನ ಪೊರಕೆ ಕೋಲು ಹೊತ್ಕೊಂಡು ಕೂತು ಎದ್ದೆನಲ್ಲ, ಸಾಲದಾ?”

“ಸಾಲಲ್ಲ ಅತ್ತೆ. ಇವತ್ತು ಹೆಗಲ ಮೇಲೆ ಕಬ್ಬಿಣದ ಕಂಬಿ. ತೂಕದ ಬಿಲ್ಲೆ ಹಾಕಲ್ಲ, ಬರೀ ಕಂಬಿ.”

“ಬರೀ ಕಂಬೀನೇ ಇಪ್ಪತ್ತು ಕೇಜಿಯಂತೆ. ಕೂತ್ಮೇಲೆ ಏಳೋಕಾಗ್ಲಿಲ್ಲ ಅಂದ್ರೆ?”

“ಎರಡೂ ಕಡೆ ಅಡ್ಡಪಟ್ಟಿ ಇರುತ್ತೆ. ಅದರ ಮೇಲೆ ಕಂಬಿ ಇಳಿಸಿ ಹೊರಗೆ ಬನ್ನಿ. ಸೋತಾಗ ಹೊರಗೆ ಬರೋದನ್ನೇ ಟ್ರೈನರ್ ಮೊದಲು ಕಲಿಸ್ತಾರೆ.”

“ಸೋತು ಕೂರೋದು ನಂಗೆ ಗೊತ್ತಮ್ಮ. ಹೋದ ತಿಂಗಳು ಬಚ್ಚಲಲ್ಲಿ ಕುಸಿದು ಎರಡು ಗಂಟೆ ಕೂತಿದ್ನಲ್ಲ. ಮೂಳೆ ಮುರಿದಿರ್ಲಿಲ್ಲ, ಕಾಲಲ್ಲಿ ಏಳೋ ಶಕ್ತಿ ಇರ್ಲಿಲ್ಲ. ನಲ್ಲಿ ಕೈಗೆ ಎಟುಕ್ತಿತ್ತು, ಚಿಲಕ ಎಟುಕ್ಲಿಲ್ಲ.”

ಸೊಸೆ ಬಗ್ಗಿ ಅತ್ತೆಯ ಬೂಟಿನ ದಾರ ಬಿಗಿ ಮಾಡಿದಳು.

“ನಿಂಗೆ ಭಯ ಇಲ್ವೇನೇ?”

“ಆಫೀಸಿಂದ ದಿನಾ ನಾಲ್ಕು ಸಲ ಫೋನ್ ಮಾಡೋದು ಯಾಕೆ ಅಂದ್ಕೊಂಡ್ರಿ? ನೀವು ಎತ್ತೋವರೆಗೂ ನನ್ನ ಕೈಕಾಲು ಆಡಲ್ಲ.”

“ಅಯ್ಯೋ, ಒಲೆ ಆರಿಸಿದೀನಾ ಅಂತ ವಿಚಾರಿಸೋಕೆ ಅಂದ್ಕೊಂಡಿದ್ದೆ.”

ಒಳಗಿಂದ ಟ್ರೈನರ್ ಕೂಗಿದರು, “ಅಮ್ಮ, ಬನ್ನಿ.” ಸೊಸೆ ಕೈ ಚಾಚಿದಳು.

“ಬೇಡ. ಅಭ್ಯಾಸ ಆಗ್ಬಿಡುತ್ತೆ.”

ಅತ್ತೆ ಮಂಡಿ ಅಗಲಿಸಿ, ಉಸಿರು ಬಿಗಿಹಿಡಿದು ತಾವೇ ಎದ್ದರು. ಆಮೇಲೆ ಮೆಲ್ಲಗೆ, “ಆದ್ರೆ ಎದುರಿಗೇ ನಿಂತಿರು. ಕೆಳಗಿದ್ದಾಗ ನೀನು ಕಾಣ್ತಿರ್ಬೇಕು” ಅಂದು ಒಳಗೆ ನಡೆದರು.