ಯೂನಿಸ್‌ಗೆ ಸಿಗದ ಮಾರುಕೂಗು

ಪಾದ್ರಿಗಳೇ, ಯೂನಿಸ್ ಮಗಳು ಕಿಯಾನಾ, ಬಂಧುಗಳೇ, ಫೆಯೆಟ್‌ವಿಲ್‌ನ ಜನರೇ — ನಮಸ್ಕಾರ. ಮುಂದಿನ ಸಾಲಿನಲ್ಲಿ ಬಿಳಿ ಉಡುಪು ತೊಟ್ಟು ಕೂತಿರುವ ಸೋದರಿ ಸಂಘದವರೇ — ನಿಮಗೂ.

ನಾನು ಲೆಮ್ಯುಯೆಲ್ ಗೇನಿ. ಈ ಶವಪೆಟ್ಟಿಗೆಯಲ್ಲಿ ಮಲಗಿರುವ ಯೂನಿಸ್ ರಾಗ್ಸ್‌ಡೇಲ್ ಜೊತೆ ಹೈಸ್ಕೂಲಿನಲ್ಲಿ ಬ್ಯಾಂಡ್ ಕಲಿಸಿದವನು. ನಿಮ್ಮ ಹಾಗೇ ನಾನೂ ಕಾಲೇಜಿನಿಂದಲೇ ನಮ್ಮ ಕಪ್ಪುಜನರ ಒಂದು ಸೋದರ ಸಂಘದವನು. ಹೊರಗಿನವನ ಮಾತು ಅಂತ ತಳ್ಳಿಹಾಕಬೇಡಿ.

ಪ್ರತಿ ಸಂಘಕ್ಕೂ ಒಂದು ಕೂಗಿದೆ. ಒಬ್ಬಳು ಕೂಗಿದರೆ, ಕೇಳಿಸಿಕೊಂಡ ಸೋದರಿ ಎಲ್ಲಿದ್ದರೂ ಮಾರುಕೂಗು ಕೊಡಬೇಕು. ಅದು ನಿಯಮವಲ್ಲ, ಪ್ರೀತಿ — ಹಾಗಂತ ನೀವೇ ವೇದಿಕೆ ಹತ್ತಿ ಹೇಳುತ್ತೀರಿ. ಆಹಾ, ಎಂಥಾ ಪ್ರೀತಿ!

ಯೂನಿಸ್ ಬೇರೆ ಊರಲ್ಲಿ ಕಾಲೇಜು ಮುಗಿಸಿ, ಅಲ್ಲೇ ನಿಮ್ಮ ಸಂಘಕ್ಕೂ ಸೇರಿ, ಆಗತಾನೇ ಇಲ್ಲಿಗೆ ಬಂದಿದ್ದಳು. ಶಿಕ್ಷಕರ ಸಮ್ಮೇಳನ. ಹೋಟೆಲಿನ ಒಳಗೆ ನಿಮ್ಮ ಗುಂಪು. ಅವಳು ಬಾಗಿಲಲ್ಲೇ ನಿಂತು, ಹೀಗೆ ಕೈಯೆತ್ತಿ, ಕೂಗಿದಳು. ನೀವು ತಿರುಗಿದಿರಿ. ಕೊರಿಯಾದ ಅಮ್ಮನಿಂದ ಬಂದ ಆ ಮುಖ ನೋಡಿದಿರಿ, ಅವಳ ಕಪ್ಪು ಅಪ್ಪ ನಿಮಗೆ ಕಾಣಲಿಲ್ಲ. ಒಬ್ಬರೂ — ಒಬ್ಬರೂ — ಬಾಯಿ ಬಿಡಲಿಲ್ಲ. ಆಮೇಲೆ ಅಧ್ಯಕ್ಷೆ ಆರ್ಲೆಟಾ ಬಾಯ್ಕಿನ್ ಅವರು, ಇಲ್ಲೇ ಇದ್ದಾರೆ, ಕರವಸ್ತ್ರ ಹಿಡಿದುಕೊಂಡು, ಅಂದರು: “ಯಾರೇ ಇವಳು ಚೀನಾದವಳು? ನಮ್ಮ ಕೂಗು ಎಲ್ಲಿ ಕದ್ಲೋ!”

ಯೂನಿಸ್ ಸಂಘಕ್ಕೆ ಸೇರಿದ ವರ್ಷ ಹೇಳಿದಳು, ಕಾಲೇಜು ಹೇಳಿದಳು.

“ಸರಿ ಬಿಡಮ್ಮ, ಸೇರಿರಬಹುದು. ಆದ್ರೂ ನಮ್ಮ ಕಷ್ಟ ನಿಂಗೇನು ಗೊತ್ತು?”

“ನಮ್ಮಪ್ಪ ಇದೇ ಊರಲ್ಲಿ ಬಿಳಿಯರ ಹೋಟೆಲಿನ ಹಿತ್ತಲ ಬಾಗಿಲಲ್ಲಿ ನಿಂತು ಊಟ ಇಸ್ಕೊಂಡೋನು ಕಣಕ್ಕಾ. ನೀವು ನನ್ನನ್ನ ಮುಂಬಾಗಿಲಲ್ಲಿ ನಿಲ್ಲಿಸಿದ್ರಿ. ಅಷ್ಟೇ ವ್ಯತ್ಯಾಸ.”

ಅವಳ ಬ್ಯಾಂಡು ರಾಜ್ಯಕ್ಕೇ ಮೊದಲು ಬಂತು ನೋಡಿ — ಚೀನಾದವಳು ದಿಢೀರನೆ ‘ನಮ್ಮ ಯೂನಿಸ್’ ಆಗಿಬಿಟ್ಟಳು! ಫೋಟೋದಲ್ಲಿ ನಟ್ಟನಡುವೆ ನಿಲ್ಲಿಸಿದಿರಿ. ಫೋಟೋ ಮುಗಿಯಿತು, ಅವಳ ಮನೆಯ ದಾರಿ ಮರೆತಿರಿ. ಆಸ್ಪತ್ರೆಯಲ್ಲಿ ಮಲಗಿದ್ದಾಗ ನಿಮ್ಮಲ್ಲಿ ಒಬ್ಬರಾದರೂ ಬಂದಿರಾ? ನನಗೆ ಹೇಸಿಗೆಯಾಗುತ್ತದೆ.

ಇವತ್ತು ಪೆಟ್ಟಿಗೆಯ ಸುತ್ತ ಕೈ ಹಿಡಿದು ನಿಂತು ಬೀಳ್ಕೊಡುವ ಕೂಗು ಹಾಕುತ್ತೀರಂತೆ. ಸಂಘದವರಲ್ಲದವರು ಆಚೆ ಹೋಗಬೇಕಂತೆ — ಹೆತ್ತ ಮಗಳೂ! ಬೆಳಿಗ್ಗೆ ಬಾಯ್ಕಿನ್ ಅವರು ಕಿಯಾನಾಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ: “ಸ್ವಲ್ಪ ಹೊತ್ತು ಹೊರಗಿರು ಪುಟ್ಟಿ, ಇದು ಅಕ್ಕತಂಗಿಯರ ವಿಷಯ.”

“ನಾನು ಅಮ್ಮನ್ನ ಬಿಟ್ಟು ಹೋಗಲ್ಲ ಆಂಟಿ. ನೀವು ಬೇಕಾದ್ರೆ ಹೋಗಿ,” ಅಂದಳು ಅವಳು.

ನಾವು ಯಾರನ್ನೂ ಹೊರಗೆ ಕಳಿಸುವುದಿಲ್ಲ. ಅಷ್ಟು ಮರ್ಯಾದೆ ನಮಗಿದೆ. ಆದರೆ ಕೂಗಬೇಡಿ. ಜೀವ ಇದ್ದಾಗ ಅವಳಿಗೆ ಕೊಡದ್ದನ್ನು ಪೆಟ್ಟಿಗೆಗೆ ಕೊಡಬೇಡಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಕಿಯಾನಾ, ಬಾ ಮಗಳೇ, ಅಮ್ಮನ ತಲೆಯ ಹತ್ತಿರ ನಿಲ್ಲು. ಒಂದು ನಿಮಿಷ ಮೌನ.

ಮುಂದಿನ ಸಾಲಿನವರೇ, ನಿಮಗೇನೂ ಕಷ್ಟವಾಗಲಾರದು — ಯೂನಿಸ್ ಎದುರು ಬಾಯಿ ಮುಚ್ಚಿಕೊಂಡು ನಿಂತು ನಿಮಗೆ ರೂಢಿಯಿದೆ.